ಮಲಗಿದ ಕೋಳಿ ಕೋಲಿನಿಂದ ಯಾಕೆ ಬೀಳುವುದಿಲ್ಲ

ಲೋಕ ಆಗಷ್ಟೇ ಕಣ್ಣು ಬಿಟ್ಟ ಕಾಲ ಅದು, ಮಗಾ. ಯಾರಿಗೂ ತಮ್ಮ ಕೆಲಸ ಇನ್ನೂ ಸರಿಯಾಗಿ ಕೈಗೆ ಹತ್ತಿರಲಿಲ್ಲ.

ಎಲ್ಲಿ ನಿಲ್ಲಬೇಕು ಎಂದು ಕಡಲಿಗೆ ಗೊತ್ತಿರಲಿಲ್ಲ. ಒಂದೊಂದು ದಿನ ತೆಂಗಿನ ಬುಡದವರೆಗೂ ಬಂದು, "ಅಯ್ಯೋ, ಹೆಚ್ಚಾಯಿತು" ಎಂದು ಹಿಂದೆ ಸರಿಯುತ್ತಿತ್ತು. ಎಷ್ಟು ದೂರದಲ್ಲಿ ಇರಬೇಕು ಎಂದು ಸೂರ್ಯನಿಗೆ ಗೊತ್ತಿರಲಿಲ್ಲ. ಬೇಸಿಗೆಯಲ್ಲಿ ತೀರ ಹತ್ತಿರ ಬಂದು ನಿಂತುಬಿಡುತ್ತಿದ್ದ. ಗಾಳಿಯಂತೂ ಇನ್ನೂ ಹುಡುಗ. ಅವನಿಗೆ ಮೆಲ್ಲಗೆ ನಡೆಯುವುದೇ ಗೊತ್ತಿರಲಿಲ್ಲ, ಓಡುವುದೊಂದೇ ಗೊತ್ತು.

ಆಗ ಕೋಳಿ ಕಾಡಿನಲ್ಲಿತ್ತು. ಈಗಿನ ಹಾಗೆ ಅಂಗಳದ ಕೋಳಿ ಅಲ್ಲ ಅದು. ಕೊಕ್ಕರೆಯ ಹಾಗೆ ಹಾರುತ್ತಿತ್ತು. ಈ ಗುಡ್ಡದಿಂದ ರೆಕ್ಕೆ ಬಿಚ್ಚಿದರೆ ಆಚೆ ಗುಡ್ಡದಲ್ಲಿ ಇಳಿಯುತ್ತಿತ್ತು.

ಆದರೆ ಮಲಗುವುದು ಮಾತ್ರ ನೆಲದ ಮೇಲೆ. ಎಚ್ಚರ ಇದ್ದಷ್ಟು ಹೊತ್ತು ಕೊಂಬೆಯ ಮೇಲೆ ಚೆನ್ನಾಗಿ ಕೂರುತ್ತಿತ್ತು. ನಿದ್ದೆ ಬಂತೋ, ಬೆರಳು ಸಡಿಲವಾಗಿ ದೊಪ್ಪನೆ ಬೀಳುತ್ತಿತ್ತು. ನಿನ್ನ ಕೈಯಲ್ಲಿರುವ ಬೆಲ್ಲದ ಚೂರು ನಿದ್ದೆ ಬಂದಾಗ ಚಾಪೆಗೆ ಜಾರುವುದಿಲ್ಲವೇ, ಹಾಗೆ. ಬೇರೆ ಹಕ್ಕಿಗಳು ಗೂಡು ಕಟ್ಟಿ ಅದರೊಳಗೆ ಮಲಗುತ್ತಿದ್ದವು. ಕೋಳಿಗೆ ಮರದ ಮೇಲೆ ಗೂಡು ಕಟ್ಟಲು ಬರುತ್ತಿರಲಿಲ್ಲ. ಒಣಗಿದ ಎಲೆಗಳ ನಡುವೆ ಮಲಗುತ್ತಿತ್ತು. ಕಾಡುಬೆಕ್ಕಿಗೆ ಅಷ್ಟೇ ಸಾಕಲ್ಲ?

ಇನ್ನು ಈ ಕಡೆ ಬಾ. ಕಡಲಿಗೂ ಹೊಳೆಗೂ ನಡುವೆ ಒಂದು ಮರಳದಿಬ್ಬ. ದಿಬ್ಬದ ಮೇಲೆ ಒಂದೇ ಮನೆ. ಅಲ್ಲಿ ಬೊಮ್ಮಕ್ಕ ಮತ್ತು ಅವಳ ಗಂಡ ಹಮ್ಮು ಇದ್ದರು. ಹಮ್ಮು ಬಿದಿರು ಸೀಳಿ ಮೀನಿನ ಬುಟ್ಟಿ ಹೆಣೆಯುತ್ತಿದ್ದ. ಬೊಮ್ಮಕ್ಕ ಉಪ್ಪುನೀರಿನ ಗದ್ದೆಯಲ್ಲಿ ಭತ್ತ ಬೆಳೆಯುತ್ತಿದ್ದಳು. ಅದರ ಜೊತೆ ಅವಳಿಗೆ ಇನ್ನೊಂದು ಕೆಲಸವಿತ್ತು, ಕೇಳುವುದು. ಏಡಿ ಸಿಕ್ಕಿದರೆ, "ನೀನು ಅಡ್ಡ ಅಡ್ಡ ಯಾಕೆ ನಡೆಯುವುದು?" ಎಂದು ಕೇಳುತ್ತಿದ್ದಳು. ತೆಂಗಿನಮರ ಸಿಕ್ಕಿದರೆ, "ನೀರು ತಲೆಯವರೆಗೆ ಹೇಗೆ ಹತ್ತಿಸುತ್ತೀ?" ಎಂದು ಕೇಳುತ್ತಿದ್ದಳು.

ಹಮ್ಮು ನಗುತ್ತಿದ್ದ. "ನಿನ್ನ ಬಾಯಿಗೆ ಹೆದರಿಯೇ ಮೀನೆಲ್ಲ ಆಳಕ್ಕೆ ಹೋಗಿದ್ದು, ಬೊಮ್ಮೀ."

"ಅವು ಆಳದಲ್ಲಿ ಎಂತ ಮಾಡ್ತವೆ?" ಎಂದು ಅವಳು ಅದನ್ನೂ ಕೇಳುತ್ತಿದ್ದಳು.

ಒಂದು ಬೇಸಿಗೆಯ ಬೆಳಿಗ್ಗೆ ಬೊಮ್ಮಕ್ಕ ಅಂಗಳದಲ್ಲಿ ಭತ್ತ ಹರಡುತ್ತಿದ್ದಾಗ ಹೊಳೆಯ ಆಚೆಯಿಂದ ಒಂದು ಕಂದುಬಣ್ಣದ ಹಕ್ಕಿ ಹಾರಿ ಬಂದು ಭತ್ತದ ಅಂಚಿಗೆ ಇಳಿಯಿತು. ಅಂಥ ಹಕ್ಕಿಯನ್ನು ಅವಳು ನೋಡಿರಲಿಲ್ಲ. ತಲೆಯ ಮೇಲೆ ಕೆಂಪಗೆ ಏನೋ ಇತ್ತು. ಒಂದು ಕಾಲು ಎತ್ತಿಕೊಂಡು ನಿಂತಿತ್ತು.

"ನೀನು ಯಾರು?" ಎಂದಳು ಬೊಮ್ಮಕ್ಕ.

"ನಾನು ಕಂದಿ, ಕೋಳಿ" ಎಂದಿತು ಅದು. "ಕಾಡಿನಿಂದ ಬಂದೆ. ನನ್ನ ಮರಿಗಳನ್ನೆಲ್ಲ ಕಾಡುಬೆಕ್ಕು ತಿಂದಿತು. ಮತ್ತೆ ಮೊಟ್ಟೆ ಇಡುವ ಹೊತ್ತಾಗಿದೆ. ಇಲ್ಲಿ ಮರ ಕಡಿಮೆ, ಬೆಕ್ಕು ಅಡಗಲು ಜಾಗವಿಲ್ಲ. ಇಲ್ಲಿ ಇರಬಹುದೇ?"

"ಇರು ಮಾರಾಯ್ತಿ. ಎಂತ ತಿನ್ನುತ್ತೀ?"

"ಭತ್ತ, ಹುಳ, ಗೆದ್ದಲು, ಹಸಿರು. ಏನಾದರೂ ಆದೀತು. ನನಗೆ ಬೇಕಾದದ್ದು ಊಟ ಅಲ್ಲ ಬೊಮ್ಮಕ್ಕಾ, ಮನೆ. ನನ್ನ ಮರಿಗಳಿಗೆ ಒಂದು ಮನೆ ಕಟ್ಟಿಕೊಡು. ಮೊದಲ ಮರಿಗಳು ಬದುಕಿ ದೊಡ್ಡವಾದರೆ ನಾನು ನಿನ್ನ ಅಂಗಳ ಬಿಡುವುದಿಲ್ಲ. ಮುಂದಿನ ಮೊಟ್ಟೆಯಲ್ಲಿ ನಿನಗೂ ಪಾಲು."

ಕೋಳಿಗೆ ಮನೆ! ಯಾರೂ ಕಟ್ಟಿರದ ಮನೆ! ಬೊಮ್ಮಕ್ಕನಿಗೆ ಅಂದು ಊಟವೇ ಸೇರಲಿಲ್ಲ. "ಕಟ್ಟಿಕೊಡ್ತೇನೆ. ನಿನ್ನ ಮರಿಗಳು ಇನ್ನು ನನ್ನ ಜವಾಬ್ದಾರಿ" ಎಂದು ಮಾತು ಕೊಟ್ಟುಬಿಟ್ಟಳು.

ಕಂದಿ ಸೌದೆಯ ರಾಶಿಯ ಹಿಂದೆ ಮೊಟ್ಟೆ ಇಟ್ಟು ಕಾವಿಗೆ ಕೂತಿತು. ಗಂಡ ಹೆಂಡತಿ ಮಣ್ಣು ತುಳಿದರು.

"ಬೆಕ್ಕು ನುಗ್ಗಬಾರದು" ಎಂದ ಹಮ್ಮು.

"ಹೌದು. ಹಾಗಾದರೆ ಗೋಡೆ ದಪ್ಪ ಇರಲಿ. ಬಾಗಿಲು ಸಣ್ಣದಿರಲಿ. ಬೇರೆ ತೂತೇ ಬೇಡ" ಎಂದಳು ಬೊಮ್ಮಕ್ಕ.

ಮಡಕೆಯನ್ನು ಬೋರಲು ಹಾಕಿದ ಹಾಗೆ ಒಂದು ಗುಂಡನೆಯ ಮಣ್ಣಿನ ಗೂಡು ಎದ್ದಿತು. ನೋಡಲು ಬಹಳ ಚೆಂದ. ಮೊಟ್ಟೆ ಒಡೆದು ಹಳದಿ ಮರಿಗಳು ಹೊರಬಂದವು. ಕಂದಿ ಅವನ್ನು ಕರೆದುಕೊಂಡು ಒಳಗೆ ಹೋಯಿತು. ಕಾಡುಬೆಕ್ಕು ಹೊಳೆ ಈಜಿ ಬಂದು ಗೂಡಿನ ಸುತ್ತ ಸುತ್ತಿ, ಗೋಡೆ ಕೆರೆದು, ಸೋತು ವಾಪಸು ಹೋಯಿತು.

ಬೊಮ್ಮಕ್ಕನಿಗೆ ಹಿಗ್ಗೋ ಹಿಗ್ಗು. ಅವಳು ಸೂರ್ಯನನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಸೂರ್ಯ ದಿಬ್ಬದ ಮೇಲೆ ಬಗ್ಗಿ ನಿಂತ. ಮರಳು ಸುಟ್ಟಿತು. ಗೂಡಿನ ಗೋಡೆಗೆ ಕೈ ಇಟ್ಟರೆ ಒಲೆಗೆ ಇಟ್ಟ ಹಾಗೆ. ಮರಿಗಳು ನೆರಳೆಂದು ಒಳಗೆ ಹೋಗಿದ್ದವು. ಕಂದಿ ಓಡಿ ಬಂದು ಕೂಗಿತು. ಅವು ಒಂದೊಂದಾಗಿ ತೂರಾಡುತ್ತ ಹೊರಬಂದವು, ಬಾಯಿ ತೆರೆದುಕೊಂಡು, ರೆಕ್ಕೆ ಇಳಿಬಿಟ್ಟುಕೊಂಡು. ಒಂದು ಮಾತ್ರ ಬರಲಿಲ್ಲ.

ಬೊಮ್ಮಕ್ಕ ಕೈ ಹಾಕಿ ಅದನ್ನು ಹೊರಗೆ ತೆಗೆದಳು. ಅಂಗೈಯಲ್ಲಿ ಹತ್ತಿಯ ಹಾಗೆ ಹಗುರವಾಗಿತ್ತು. ನೀರು ಚಿಮುಕಿಸಿದಳು, ಊದಿದಳು. ಅದು ಏಳಲಿಲ್ಲ.

ಕಂದಿ ಬೈಯಲಿಲ್ಲ. ಬೈದಿದ್ದರೆ ಬೊಮ್ಮಕ್ಕನಿಗೆ ಸುಲಭವಾಗುತ್ತಿತ್ತು. ಕಂದಿ ಗೂಡಿನ ಕಡೆ ನೋಡಿ, "ಇದು ಬೆಂಕಿಗೆ ಕಟ್ಟಿದ ಮನೆ ಬೊಮ್ಮಕ್ಕಾ, ನಮಗಲ್ಲ" ಎಂದಿತು. ಅಷ್ಟೇ.

ಬೊಮ್ಮಕ್ಕ ಹಾರೆ ತಂದು ತನ್ನ ಕೈಯಿಂದಲೇ ಆ ಗೂಡನ್ನು ಒಡೆದಳು. ಅಳುತ್ತಲೇ ಒಡೆದಳು.

"ಈ ಸಲ ತೆರೆದ ಮನೆ" ಎಂದ ಹಮ್ಮು. ಬಿದಿರು ಸೀಳಿ, ತೆಂಗಿನ ಗರಿ ಹೆಣೆದು, ಮೇಲೆ ಹೊದಿಸಿದ ಮಾಡನ್ನು ಉದ್ದಕ್ಕೆ ಚಾಚಿ, ಒಂದು ಕಡೆಗೆ ಪೂರ್ತಿ ತೆರೆದ ಮನೆ ಕಟ್ಟಿದ. ಹೊತ್ತು ಇಳಿದರೆ ಹಮ್ಮು ಬಿದಿರಿನ ತಟ್ಟಿ ಅಡ್ಡ ಇಟ್ಟು ಬೆಕ್ಕನ್ನು ಕಾಯುತ್ತಿದ್ದ. ಮನೆ ತಂಪಾಗಿತ್ತು. ಮರಿಗಳು ಬೆಳೆದು, ಹಳದಿ ತುಪ್ಪಳ ಹೋಗಿ ಗರಿ ಬಂತು. ಕಂದಿಯೂ ಒಮ್ಮೊಮ್ಮೆ ಕೊಕ್ಕಿನಿಂದ ಬೊಮ್ಮಕ್ಕನ ಕಾಲ್ಬೆರಳು ಕುಕ್ಕಿ ಮಾತಾಡಿಸುತ್ತಿತ್ತು.

ಆಮೇಲೆ ಕಡಲಿನ ಕಡೆ ಕರಿಮೋಡ ಎದ್ದಿತು. ಗಾಳಿ ಓಡಿ ಬಂದ. ತೆರೆದ ಬದಿ ಅವನ ಕಡೆಗೇ ಇತ್ತು. ಅವನು ಒಳಗೆ ನುಗ್ಗಿದ. ಹೊರಗೆ ಹೋಗಲು ದಾರಿ ಸಿಗಲಿಲ್ಲ. ಮಾಡನ್ನು ತಲೆಯಿಂದ ಎತ್ತಿದ. ಮನೆಗೆ ಮನೆಯೇ ಎದ್ದು, ಗಾಳಿಪಟದ ಹಾಗೆ ತಿರುಗಿ, ಹೊಳೆಗೆ ಬಿತ್ತು.

ಹಮ್ಮು ಓಡಿ ದೊಡ್ಡ ಮೀನಿನ ಬುಟ್ಟಿಯನ್ನು ಕಂದಿ ಮತ್ತು ಮರಿಗಳ ಮೇಲೆ ಕವುಚಿ, ಅದರ ಮೇಲೆ ತಾನೇ ಕೂತ. ಮಳೆ ನಿಲ್ಲುವವರೆಗೂ ಕೂತೇ ಇದ್ದ. ಎಲ್ಲ ಬದುಕಿದವು. ಆದರೆ ಒದ್ದೆ ಗರಿ ಮೈಗಂಟಿ ನಡುಗುತ್ತಿದ್ದವು.

ಬುಟ್ಟಿ ಎತ್ತಿದಾಗ ಕಂದಿ ಹೇಳಿತು, "ಮರಿಗಳ ರೆಕ್ಕೆ ಬಲಿಯಲಿ. ಕಾಡಿಗೆ ಹೋಗ್ತೇವೆ. ಅಲ್ಲಿ ಬೆಕ್ಕಿನದ್ದೊಂದೇ ಭಯ. ಇಲ್ಲಿ ಬಿಸಿಲಿನದ್ದೂ ಭಯ, ಗಾಳಿಯದ್ದೂ ಭಯ."

ಬೊಮ್ಮಕ್ಕ ಜಗಲಿಯಲ್ಲಿ ಕೂತು ಬಹಳ ಹೊತ್ತು ಯೋಚಿಸಿದಳು. ಆಮೇಲೆ ಹಮ್ಮುವಿಗೆ ಹೇಳಿದಳು, "ಕಂಡ ಏಡಿಯನ್ನೆಲ್ಲ ಕೇಳಿದೆ, ಕಂಡ ಮರವನ್ನೆಲ್ಲ ಕೇಳಿದೆ. ಮನೆ ಕಟ್ಟುವ ಮೊದಲು ಯಾರನ್ನು ಕೇಳಬೇಕಿತ್ತೋ ಅವರನ್ನೇ ಕೇಳಲಿಲ್ಲ ನೋಡಿ."

"ಯಾರನ್ನು?"

"ಬಿಸಿಲನ್ನು ಮತ್ತೆ ಗಾಳಿಯನ್ನು. ಮನೆಗೆ ದಿನಾ ಬರುವ ನೆಂಟರು ಅವರೇ ಅಲ್ವಾ?"

ಸಂಜೆ ಅವಳು ಕಡಲ ದಂಡೆಗೆ ಹೋದಳು. ಸೂರ್ಯ ಮುಳುಗಲು ಬಗ್ಗಿದ್ದ. ಆಗ ಅವನ ಮುಖ ಕೆಂಪಗೆ, ಶಾಂತವಾಗಿರುತ್ತದೆ. ಮಾತಾಡಿಸಲು ಅದೇ ಒಳ್ಳೆಯ ಹೊತ್ತು.

"ಸೂರ್ಯಣ್ಣಾ, ನನ್ನ ಮರಿಯೊಂದನ್ನು ನೀನು ಸುಟ್ಟೆ."

ಸೂರ್ಯ ಬೆಚ್ಚಿಬಿದ್ದ. "ನಾನೇ? ನನಗೆ ಗೊತ್ತೇ ಇಲ್ಲ ತಂಗೀ. ನಾನು ನನ್ನ ದಾರಿಯಲ್ಲಿ ಹೋಗ್ತಾ ಇರ್ತೇನೆ. ಗುಡ್ಡದ ಕಡೆಯಿಂದ ಬರ್ತೇನೆ, ಕಡಲಿಗೆ ಇಳಿತೇನೆ. ಆ ದಾರಿ ಬಿಟ್ಟು ಬೇರೆ ದಾರಿ ನನಗಿಲ್ಲ."

"ಹಾಗಾದರೆ ಮನೆಯನ್ನು ಹೇಗೆ ಕಟ್ಟಲಿ?"

ಸೂರ್ಯ ಯೋಚಿಸಿದ. "ಬೆಳಿಗ್ಗೆ, ಸಂಜೆ ನನ್ನ ಕೈ ಉದ್ದ. ಮಾಡಿನ ಕೆಳಗೂ ನುಗ್ಗುತ್ತದೆ. ಆ ಎರಡು ದಿಕ್ಕಿಗೆ ಮನೆಯ ಗಿಡ್ಡ ಬದಿ ಇರಲಿ. ಉದ್ದ ಬದಿ ನನಗೆ ಕಾಣದ ಹಾಗೆ ತಿರುಗಿಸು. ಮಧ್ಯಾಹ್ನ ನಾನು ನೆತ್ತಿಯ ಮೇಲೆ ಇರ್ತೇನೆ, ಆಗ ದಪ್ಪ ಹುಲ್ಲಿನ ಮಾಡು ಸಾಕು. ಮಾಡು ಉದ್ದಕ್ಕೆ ಚಾಚಿದರೆ ಇನ್ನೂ ಒಳ್ಳೆಯದು. ಅಲ್ಲಿ ಹೊನ್ನೆಮರ ಇದೆಯಲ್ಲ? ಅದರ ನೆರಳು ಹಿಡಿದುಕೋ."

ಇಷ್ಟು ಹೇಳಿ ಅವನು ನೀರಿಗೆ ಇಳಿದ.

ಗಾಳಿಯನ್ನು ಹಿಡಿಯುವುದು ಕಷ್ಟ. ಅವನು ನಿಲ್ಲುವವನೇ ಅಲ್ಲ. ಮರುದಿನ ಬೊಮ್ಮಕ್ಕ ತಲೆಯ ವಸ್ತ್ರ ಬಿಚ್ಚಿ ಮೇಲೆ ಎತ್ತಿ ಹಿಡಿದಳು. ಅವನಿಗೆ ಬಟ್ಟೆ ಕಂಡರೆ ಆಟ. ಬಂದು ಜಗ್ಗಿದ. ಅವಳು ಬಿಡಲಿಲ್ಲ.

"ತಮ್ಮಾ, ನಿಲ್ಲು. ನನ್ನ ಕೋಳಿಮನೆಯನ್ನು ಯಾಕೆ ಹೊಳೆಗೆ ಎಸೆದೆ?"

"ಎಸೆಯಲಿಲ್ಲ ಬೊಮ್ಮಕ್ಕಾ!" ಎಂದ ಗಾಳಿ. ಅವನಿಗೆ ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು. "ನಾನು ಓಡ್ತಾ ಇದ್ದೆ. ಅದು ಬಾಯಿ ತೆರೆದುಕೊಂಡು ನಿಂತಿತ್ತು. ಒಳಗೆ ಹೋದೆ. ಹಿಂದೆ ಗೋಡೆ! ಬಾಗಿಲು ಹಾಕಿದ ಕೋಣೆಯಲ್ಲಿ ನಿನ್ನನ್ನು ಕೂಡಿಹಾಕಿದರೆ ನೀನು ಸುಮ್ಮನಿರ್ತೀಯಾ?"

"ಇಲ್ಲ."

"ನನಗೆ ಬರಲು ಒಂದು ದಾರಿ ಕೊಟ್ಟರೆ ಹೋಗಲೂ ಒಂದು ದಾರಿ ಕೊಡು. ನಾನು ಯಾರನ್ನೂ ಮುಟ್ಟದೆ ಹೋಗ್ತೇನೆ. ಬಿಸಿಲಿನ ದಿನ ತಂಪೂ ಮಾಡ್ತೇನೆ. ಮತ್ತೆ ಮಾಡನ್ನು ಉದ್ದ ಚಾಚಬೇಡ. ಚಾಚಿದ ಮಾಡು ಕಂಡರೆ ನನ್ನ ಕೈ ತಡೆಯುವುದಿಲ್ಲ. ಬುಟ್ಟಿಯ ಹಿಡಿಕೆಯ ಹಾಗೆ ಕಾಣ್ತದೆ, ಎತ್ತಿಬಿಡ್ತೇನೆ."

ಬೊಮ್ಮಕ್ಕ ಮನೆಗೆ ಬಂದು ತಲೆಗೆ ಕೈ ಕೊಟ್ಟು ಕೂತಳು. "ಒಬ್ಬ ಮಾಡು ಉದ್ದ ಇರಲಿ ಅಂತಾನೆ, ಒಬ್ಬ ಗಿಡ್ಡ ಇರಲಿ ಅಂತಾನೆ. ಯಾರ ಮಾತು ಕೇಳುವುದು?"

ಹಮ್ಮು ಬುಟ್ಟಿ ಹೆಣೆಯುತ್ತಲೇ ಇದ್ದ. ಸ್ವಲ್ಪ ಹೊತ್ತಿನ ಮೇಲೆ, "ಇಬ್ಬರೂ ಒಟ್ಟಿಗೆ ಬರುವುದಿಲ್ಲವಲ್ಲ" ಎಂದ.

"ಹಾಗೆಂದರೆ?"

"ಬಿರುಗಾಳಿ ಬಂದಾಗ ಬಿಸಿಲು ಇರುವುದಿಲ್ಲ. ಮಾಡು ಗಿಡ್ಡ ಇರಲಿ. ಅದರ ಅಂಚಿಗೆ ಒಂದು ಚಾಪೆ ಕಟ್ಟುವ. ಬಿಸಿಲಿಗೆ ಇಳಿಸುವುದು, ಗಾಳಿಗೆ ಸುತ್ತಿ ಇಡುವುದು."

ಬೊಮ್ಮಕ್ಕ ಅವನ ಮುಖವನ್ನೇ ನೋಡಿದಳು. "ನೀವು ಇಷ್ಟು ದಿನ ಇದನ್ನೆಲ್ಲ ಯಾಕೆ ಹೇಳಲಿಲ್ಲ?"

"ನೀನು ನನ್ನನ್ನು ಕೇಳಲೇ ಇಲ್ಲವಲ್ಲ!"

ಇಬ್ಬರೂ ನಕ್ಕರು. ಎಷ್ಟೋ ದಿನದ ಮೇಲೆ ನಕ್ಕರು.

ಮೂರನೆಯ ಮನೆಯನ್ನು ಅವರು ಅವಸರದಿಂದ ಕಟ್ಟಲಿಲ್ಲ. ಮೊದಲು ಮರಳಿನ ಮೇಲೆ ಕಡ್ಡಿಯಿಂದ ಗೆರೆ ಎಳೆದರು. ಹೊನ್ನೆಮರದ ಬುಡದಲ್ಲಿ ಬೇಡ, ಕೊಂಬೆ ಮುರಿದರೆ ಕಷ್ಟ. ಅದರ ನೆರಳು ಬಂದು ಬೀಳುವ ಜಾಗ ಸಾಕು. ಮಳೆನೀರು ಎಲ್ಲಿ ಹರಿಯುತ್ತದೆ ಎಂದು ಕೊಡದಿಂದ ನೀರು ಸುರಿದು ನೋಡಿದರು. ಮನೆಯನ್ನು ಮೊಣಕಾಲೆತ್ತರಕ್ಕೆ ಎತ್ತಲು ದಪ್ಪ ಕಂಬಗಳನ್ನು ಆಳವಾಗಿ ಹೂತರು. ಗಿಡ್ಡ ಬದಿ ಕಡಲಿಗೂ ಗುಡ್ಡಕ್ಕೂ. ಗೋಡೆ ಕೆಳಗೆ ಗಟ್ಟಿ ಹೆಣಿಗೆ, ಮೇಲೆ ಮಾಡಿನ ಬುಡದಲ್ಲಿ ನಾಲ್ಕೂ ಕಡೆ ಸೀಳು.

ಸೀಳು ಎಷ್ಟು ಅಗಲ ಇರಬೇಕು? ಹಮ್ಮು ಕಾಡುಬೆಕ್ಕಿನ ಹೆಜ್ಜೆ ಹುಡುಕಿಕೊಂಡು ಹೋಗಿ, ಅದು ನುಸುಳಿದ ಬೇಲಿಯ ಕಂಡಿ ನೋಡಿ ಬಂದ. "ತಲೆ ಹೊಕ್ಕರೆ ಮೈ ಹೊಕ್ಕಿತು ಎಂದೇ ಲೆಕ್ಕ. ನನ್ನ ಮೂರು ಬೆರಳು ಹೋಗುವಷ್ಟು ಸಾಕು" ಎಂದ. ಹುಲ್ಲಿನ ಮಾಡಿನ ಮೇಲೆ ತೆಂಗಿನ ಕತ್ತದ ಹಗ್ಗವನ್ನು ಬಲೆಯ ಹಾಗೆ ಬೀಸಿ, ತುದಿಗಳನ್ನು ನೆಲದಲ್ಲಿ ಹೂತ ಗೂಟಗಳಿಗೆ ಬಿಗಿದರು.

ಕೊನೆಗೆ ಒಳಗೆ ಒಂದು ಅಡ್ಡಕೋಲು ಕಟ್ಟಿದರು. ಅದು ಬೊಮ್ಮಕ್ಕನ ಯೋಚನೆ. ನೆಲದಲ್ಲಿ ಮಲಗಿದರೆ ಕೋಳಿಗಳು ಒಂದರ ಮೇಲೊಂದು ಬಿದ್ದು ಬಿಸಿಯಾಗುತ್ತವೆ, ಮಳೆಯಲ್ಲಿ ಇರಿಚಲು ನೀರೂ ತಾಗುತ್ತದೆ. ಕೋಲಿನ ಮೇಲೆ ಸಾಲಾಗಿ ಕೂತರೆ ಸುತ್ತಲೂ ಗಾಳಿ ಆಡುತ್ತದೆ.

ಕಂದಿ ಒಳಗೆ ಹೋಗಿ ಎಲ್ಲ ನೋಡಿತು. ಸೀಳಿನಲ್ಲಿ ಕಣ್ಣಿಟ್ಟು ನೋಡಿತು. ಕೋಲಿನ ಮೇಲೆ ಹಾರಿ ಕೂತಿತು. ಮರಿಗಳೂ ಈಗ ದೊಡ್ಡವು, ಅವೂ ಹಾರಿ ಪಕ್ಕದಲ್ಲಿ ಕೂತವು. ಮಧ್ಯಾಹ್ನದ ತಂಪು ಗಾಳಿ ಒಳಬಂದು, "ಬಂದೆ ಬೊಮ್ಮಕ್ಕಾ, ಹೋದೆ ಬೊಮ್ಮಕ್ಕಾ" ಎನ್ನುತ್ತ ಆಚೆ ಹೋದ.

ಕಂದಿಗೆ ಕಣ್ಣು ಎಳೆಯಿತು.

ದೊಪ್!

ಅದರ ಹಿಂದೆ ಒಂದೊಂದೇ ಮರಿ. ದೊಪ್, ದೊಪ್, ದೊಪ್!

ಮೊದಲು ಮರಿಗಳು ನಕ್ಕವು. ಕಂದಿ ಏಳದಿದ್ದದ್ದು ನೋಡಿ ಸುಮ್ಮನಾದವು. ಅದರ ರೆಕ್ಕೆಯ ಬುಡಕ್ಕೆ ಪೆಟ್ಟಾಗಿತ್ತು. ಬೊಮ್ಮಕ್ಕ ಅದನ್ನು ಮಡಿಲಿಗೆ ಎತ್ತಿಕೊಂಡಳು.

"ಮನೆ ಚೆನ್ನಾಗಿದೆ ಬೊಮ್ಮಕ್ಕಾ" ಎಂದಿತು ಕಂದಿ. "ಈ ಸಲ ತಪ್ಪು ಮನೆಯದ್ದಲ್ಲ, ನನ್ನ ಕಾಲಿನದ್ದು. ನಿದ್ದೆ ಬಂದರೆ ನನ್ನ ಕಾಲು ನನ್ನನ್ನು ಮರೆತುಬಿಡ್ತದೆ."

"ಹಗ್ಗದಲ್ಲಿ ಕಟ್ಟಿದರೆ?"

"ಬೆಕ್ಕು ಬಂದರೆ ಓಡುವುದು ಹೇಗೆ? ಮಲಗಿದಾಗ ಹಿಡಿಯಬೇಕು, ಎದ್ದಾಗ ಬಿಡಬೇಕು. ಅಂಥ ಹಿಡಿತ ಯಾರ ಹತ್ತಿರ ಇದೆ?"

ಅಂಥ ಹಿಡಿತ ಯಾರ ಹತ್ತಿರ ಇದೆ? ಬೊಮ್ಮಕ್ಕನಿಗೆ ಇದು ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ಎನಿಸಿತು. ಕಂದಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟೇಬಿಟ್ಟಳು. ಮರಿಗಳೂ ಹಿಂದೆ ಹೊರಟವು.

ಏಡಿಯನ್ನು ಕೇಳಿದರು. "ನಾನು ಸಿಟ್ಟು ಬಂದರೆ ಹಿಡಿತೇನೆ. ನಿದ್ದೆಯಲ್ಲಿ ಯಾರಿಗೆ ಸಿಟ್ಟು ಬರ್ತದೆ?" ಎಂದಿತು ಏಡಿ.

ಬಂಡೆಗೆ ಅಂಟಿದ ಚಿಪ್ಪನ್ನು ಕೇಳಿದರು. "ನಾನು ಹಿಡಿದರೆ ಬಿಡುವುದೇ ಇಲ್ಲ. ಬಿಡುವುದು ಹೇಗೆಂದು ನನಗೆ ಗೊತ್ತಿಲ್ಲ" ಎಂದಿತು ಚಿಪ್ಪು.

ಕಡಲ ಅಂಚಿನಲ್ಲಿ ಮರಳಿನ ಮೇಲೆ ಅಡುಂಬು ಬಳ್ಳಿ ಹಬ್ಬಿತ್ತು. ನೀನೂ ನೋಡಿದ್ದೀಯಲ್ಲ, ನೇರಳೆ ಹೂ ಬಿಡುವ ಬಳ್ಳಿ. ಎಂಥ ಬಿರುಗಾಳಿ ಬಂದರೂ ಅದರ ಕೆಳಗಿನ ಮರಳು ಹಾರುವುದಿಲ್ಲ. ಬೊಮ್ಮಕ್ಕ ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

"ನೀನು ಇಷ್ಟು ಮರಳನ್ನು ಹಗಲೂ ಇರುಳೂ ಹಿಡಿದುಕೊಂಡಿದ್ದೀಯಲ್ಲ, ನಿನಗೆ ಆಯಾಸ ಆಗುವುದಿಲ್ಲವೇ?"

ಬಳ್ಳಿ ಆಕಳಿಸಿತು. "ನಾನೆಲ್ಲಿ ಹಿಡಿದಿದ್ದೇನೆ? ನಾನು ಸುಮ್ಮನೆ ಮಲಗಿದ್ದೇನೆ. ಹಿಡಿದಿರುವುದು ನನ್ನ ನಾರು. ನನ್ನ ಭಾರ ಅದನ್ನು ಎಳೆಯುತ್ತದೆ, ಅದು ಬಿಗಿಯುತ್ತದೆ."

ಕಂದಿ ಕುತ್ತಿಗೆ ಮುಂದೆ ಚಾಚಿತು. "ಭಾರ ಬಿಟ್ಟರೆ?"

"ಸಡಿಲವಾಗುತ್ತದೆ."

ಬೊಮ್ಮಕ್ಕ ಮತ್ತು ಕಂದಿ ಮುಖ ಮುಖ ನೋಡಿಕೊಂಡರು.

"ನಿನ್ನ ನಾರನ್ನು ನಮಗೆ ಕೊಡ್ತೀಯಾ?" ಎಂದಿತು ಕಂದಿ.

"ಕೊಡಬಹುದು" ಎಂದಿತು ಬಳ್ಳಿ. "ಕೊಟ್ಟರೆ ನನಗೆ ಮತ್ತೆ ಬೆಳೆಯುತ್ತದೆ. ಆದರೆ ಕೇಳು, ಇದು ನೆಲದ ನಾರು. ಇದನ್ನು ಮೈಯಲ್ಲಿ ಇಟ್ಟುಕೊಂಡವರನ್ನು ನೆಲ ತನ್ನ ಕಡೆ ಕರೆಯುತ್ತಲೇ ಇರುತ್ತದೆ. ಬೇಲಿ ಹಾರಬಹುದು, ಕೆಳಗಿನ ಕೊಂಬೆ ಏರಬಹುದು. ಹೊಳೆ ದಾಟಲು ಆಗುವುದಿಲ್ಲ. ಗುಡ್ಡದಿಂದ ಗುಡ್ಡಕ್ಕೆ ಹಾರಲು ಆಗುವುದಿಲ್ಲ. ನಿನಗೂ ಆಗುವುದಿಲ್ಲ, ನಿನ್ನ ಮಕ್ಕಳಿಗೂ ಆಗುವುದಿಲ್ಲ."

ಕಂದಿ ಹೊಳೆಯ ಆಚೆ ನೋಡಿತು. ಕಾಡು ನೀಲಿಯಾಗಿ ಕಾಣುತ್ತಿತ್ತು.

ಬೊಮ್ಮಕ್ಕ ಕಂದಿಯನ್ನು ಮರಳಿನ ಮೇಲೆ ಇಳಿಸಿದಳು. ಕೋಳಿ ತನ್ನ ಅಂಗಳದಲ್ಲೇ ಇರಲಿ ಎಂದು ಅವಳಿಗೆ ಎಷ್ಟು ಆಸೆ ಇತ್ತೋ! ಆದರೂ ಹೇಳಿದಳು, "ಯೋಚಿಸು ಕಂದಿ. ಇದನ್ನು ತೆಗೆದುಕೊಂಡರೆ ಮತ್ತೆ ವಾಪಸು ಹೋಗಲಿಕ್ಕಿಲ್ಲ. ನನ್ನ ಕೈ ಎರಡು ಸಲ ತಪ್ಪಿದೆ. ಒಂದು ಮರಿ ಹೋಯಿತು. ಮತ್ತೆ ತಪ್ಪುವುದಿಲ್ಲ ಎಂದು ನಾನು ಹೇಗೆ ಹೇಳಲಿ?"

ಅಲೆ ಬಂತು, ಹೋಯಿತು.

"ಕಾಡಿನಲ್ಲಿ ನನ್ನ ಮರಿಗಳು ಹೋದಾಗ ಕಾಡು ಏನೂ ಕೇಳಲಿಲ್ಲ" ಎಂದಿತು ಕಂದಿ. "ನಿನ್ನ ಅಂಗಳದಲ್ಲಿ ಒಂದು ಹೋದಾಗ ನೀನು ಅತ್ತೆ, ಗೂಡು ಒಡೆದೆ, ಸೂರ್ಯನವರೆಗೂ ಹೋಗಿ ಕೇಳಿದೆ. ಇನ್ನೊಮ್ಮೆ ತಪ್ಪಿದರೆ ಇನ್ನೊಮ್ಮೆ ಕೇಳಲು ಹೋಗುತ್ತೀ. ನನಗೆ ಅಷ್ಟು ಸಾಕು."

ಆಮೇಲೆ ಮರಿಗಳ ಕಡೆ ತಿರುಗಿ, "ನಿಮಗೆ ಒಪ್ಪಿಗೆಯೇ? ದೂರದ ಹಾರಾಟ ಬಿಡಬೇಕು" ಎಂದಿತು.

ಮರಿಗಳಲ್ಲಿ ಒಂದು, ಎಲ್ಲರಿಗಿಂತ ತುಂಟ ಹುಂಜ, "ದೂರದ ಹಾರಾಟ ಎಂದರೆ ಎಂತ? ಅಲ್ಲಿ ಗೆದ್ದಲು ಸಿಗ್ತದಾ?" ಎಂದು ಕೇಳಿತು.

"ಸಿಗುವುದಿಲ್ಲ."

"ಹಾಗಾದರೆ ನಮಗೆ ಬೇಡ."

ಕಂದಿ ತನ್ನ ಕಾಲನ್ನು ಬಳ್ಳಿಯ ಮೇಲೆ ಇಟ್ಟಿತು. ಬಳ್ಳಿಯ ಬುಡದಿಂದ ಒಂದು ಬಿಳಿಯ ನಾರು ಮೆಲ್ಲಗೆ ಎದ್ದು, ಎರೆಹುಳು ಒದ್ದೆಮಣ್ಣಿಗೆ ಇಳಿಯುವ ಹಾಗೆ, ಕಾಲಿನ ಚಿಪ್ಪುಚರ್ಮದ ಕೆಳಗೆ ಹೊಕ್ಕಿತು. ಮೊಣಕಾಲಿನ ಹತ್ತಿರದಿಂದ ಹೊರಟು, ಹಿಮ್ಮಡಿಯ ಹಿಂದೆ ಸುತ್ತಿ, ಕವಲೊಡೆದು ಪ್ರತಿ ಬೆರಳಿಗೂ ಹೋಯಿತು. ನೋವಾಗಲಿಲ್ಲ. ಕಚಗುಳಿಯಾಯಿತು ಅಷ್ಟೇ. ಕಂದಿ "ಕೊಕ್ ಕೊಕ್" ಎಂದು ನಕ್ಕಿತು. ಒಂದೊಂದೇ ಮರಿಯೂ ಬಂದು ಕಾಲು ಚಾಚಿತು.

ಮನೆಗೆ ಹೊರಟಾಗ ಕಂದಿ ಒಂದು ಹೆಜ್ಜೆ ಎತ್ತಿತು. ಕಾಲು ಮಡಿಯಿತು, ನಾರು ಎಳೆಯಿತು, ಬೆರಳು ತಾವಾಗಿಯೇ ಮುಚ್ಚಿಕೊಂಡವು. ಕಾಲು ಕೆಳಗಿಟ್ಟಿತು, ಅದು ನೆಟ್ಟಗಾಗಿ ನಾರು ಸಡಿಲವಾಯಿತು, ಬೆರಳು ಬಿಚ್ಚಿಕೊಂಡವು. "ನಾನು ಏನೂ ಮಾಡಲಿಲ್ಲ ಬೊಮ್ಮಕ್ಕಾ, ಅದೇ ಮಾಡಿತು!" ಎಂದು ಕಂದಿ ದಾರಿಯುದ್ದಕ್ಕೂ ಕಾಲೆತ್ತಿ ಕಾಲೆತ್ತಿ ನೋಡಿಕೊಂಡೇ ನಡೆಯಿತು.

ಅವರು ಅಂಗಳ ಮುಟ್ಟುವ ಮೊದಲೇ ಕಡಲಿನ ಕಡೆ ಆಕಾಶ ಕಪ್ಪಾಯಿತು. ಅಂಥ ಮೋಡವನ್ನು ದಿಬ್ಬ ಅದುವರೆಗೆ ಕಂಡಿರಲಿಲ್ಲ. ಹಾಡುಹಗಲೇ ಕತ್ತಲಾಯಿತು. ಹಮ್ಮು ಓಡಾಡಿ ಚಾಪೆ ಸುತ್ತಿ ಕಟ್ಟಿದ, ಹಗ್ಗ ಬಿಗಿದ. ಕೋಳಿಗಳು ಒಳಗೆ ಹೋಗಿ ಸಾಲಾಗಿ ಕೂತವು. ಬೊಮ್ಮಕ್ಕ ಬಾಗಿಲು ಹಾಕಿ, ಕಂಬ ಹಿಡಿದು ಹೊರಗೇ ನಿಂತಳು.

ಗಾಳಿ ಬಂದ. ಹುಡುಗನಲ್ಲ ಈಗ, ಅವನ ಹಿಂದೆ ಅವನ ಅಣ್ಣತಮ್ಮಂದಿರೆಲ್ಲ ಬಂದ ಹಾಗಿತ್ತು. ತೆಂಗು ನೆಲಕ್ಕೆ ಬಗ್ಗಿದವು. ಹೊನ್ನೆಮರದ ಕೊಂಬೆ ಲಟಕ್ಕೆಂದು ಮುರಿದು, ಕೋಳಿಮನೆ ಬೇಡವೆಂದು ಬಿಟ್ಟಿದ್ದ ಬುಡದಲ್ಲೇ ಬಿತ್ತು. ಮಳೆನೀರು ಕಂಬಗಳ ನಡುವೆ ಹರಿದು ಹೊಳೆಗೆ ಹೋಯಿತು. ಗಾಳಿ ಒಂದು ಸೀಳಿನಲ್ಲಿ ಹೊಕ್ಕು ಇನ್ನೊಂದು ಸೀಳಿನಲ್ಲಿ ಹೊರಬಿದ್ದ. ಕೋಳಿಮನೆ ಕಿರುಗುಟ್ಟಿತು, ನಡುಗಿತು, ಒಂದು ಗೂಟ ಅರ್ಧ ಎದ್ದಿತು. ಹಮ್ಮು ಅದರ ಮೇಲೆ ಮಂಡಿಯೂರಿ ಕೂತ.

ಗಾಳಿ ಒಮ್ಮೆ ಒಳಗೆ ಹೋದವನು ಅಲ್ಲೇ ನಿಂತ.

"ಬೊಮ್ಮಕ್ಕಾ" ಎಂದ ಆಶ್ಚರ್ಯದಿಂದ. "ಕೋಲು ತೂಗ್ತಾ ಇದೆ, ಕೋಳಿಗಳೂ ತೂಗ್ತಾ ಇವೆ. ಒಂದೂ ಬೀಳಲಿಲ್ಲ. ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿವೆ!"

ಬೊಮ್ಮಕ್ಕ ಸೀಳಿಗೆ ಕಣ್ಣಿಟ್ಟಳು. ಒದ್ದೆ ಕೂದಲು ಮುಖಕ್ಕೆ ಅಂಟಿತ್ತು. ಒಳಗೆ ಕಂದಿ ಕುತ್ತಿಗೆ ಮೈಯೊಳಗೆ ಎಳೆದುಕೊಂಡು, ಮೈಭಾರವನ್ನೆಲ್ಲ ಬಿಟ್ಟು ಕಾಲು ಮಡಿಸಿ, ಹೊಟ್ಟೆಯನ್ನು ಕೋಲಿನ ಮೇಲೆ ಊರಿತ್ತು. ಮರಿಗಳೂ ಹಾಗೆಯೇ. ಕೆಳಗಿನಿಂದ ಬೆರಳುಗಳು ಕೋಲನ್ನು ಬಳಸಿಕೊಂಡಿದ್ದವು. ಕಣ್ಣು ಮುಚ್ಚಿತ್ತು.

"ಹಿಡಿದುಕೊಂಡಿಲ್ಲ ತಮ್ಮಾ" ಎಂದಳು ಬೊಮ್ಮಕ್ಕ, ಮೆಲ್ಲಗೆ. "ಮಲಗಿವೆ."

ಗಾಳಿ ತನ್ನ ಅಣ್ಣತಮ್ಮಂದಿರನ್ನೂ ಕರೆದು ತೋರಿಸಿದ. ಅವರು ಒಬ್ಬೊಬ್ಬರಾಗಿ ಸೀಳಿನಲ್ಲಿ ಇಣುಕಿ, ಉಸಿರು ಬಿಗಿಹಿಡಿದು ನೋಡಿ, ಆಚೆ ಹೋದರು. ಹಾಗೆ ನೋಡುತ್ತ ನೋಡುತ್ತ ಅವರ ಓಟವೇ ನಿಧಾನವಾಯಿತು.

ಮಳೆ ನಿಂತಾಗ ಬೊಮ್ಮಕ್ಕನ ಮನೆಯ ಮಾಡು ಅರ್ಧ ಹಾರಿಹೋಗಿತ್ತು. ಕೋಳಿಮನೆಯ ಒಂದು ಹುಲ್ಲೂ ಹಾರಿರಲಿಲ್ಲ. ಹಮ್ಮು ಎರಡನ್ನೂ ನೋಡಿ ತಲೆ ಕೆರೆದುಕೊಂಡ. "ಬೊಮ್ಮೀ, ನಮ್ಮ ಮನೆಗೂ ಗಾಳಿಗೆ ಹೋಗುವ ದಾರಿಯೊಂದು ಇಡುವ."

ಬಾಗಿಲು ತೆರೆದ ಸದ್ದಿಗೆ ಕಂದಿ ಕಣ್ಣು ಬಿಟ್ಟಿತು. ಎದ್ದು ನಿಂತಿತು. ಕಾಲು ನೆಟ್ಟಗಾಯಿತು, ಬೆರಳು ಬಿಚ್ಚಿತು. ಅಂಗಳಕ್ಕೆ ಹಾರಿ, ಒದ್ದೆಮಣ್ಣು ಕೆದಕಿ, "ಬನ್ನಿ, ಹುಳ ಎದ್ದಿವೆ!" ಎಂದು ಮರಿಗಳನ್ನು ಕರೆಯಿತು.

ಅಂದಿನಿಂದ ಕೋಳಿ ಮನುಷ್ಯರ ಅಂಗಳದಲ್ಲೇ ಉಳಿಯಿತು, ಮಗಾ. ಬೇಲಿ ಹಾರಿ ಪಕ್ಕದ ಮನೆಯ ತೋಟ ಕೆದಕೀತು, ಹೊಳೆ ದಾಟಿ ಹೋಗಲಾರದು. ಇಂದು ಅದು ಅಂಗಳದಲ್ಲಿ ನಡೆಯುವಾಗ ಬಗ್ಗಿ ಅದರ ಕಾಲು ನೋಡು: ಎತ್ತಿದ ಹೆಜ್ಜೆಗೆಲ್ಲ ಬೆರಳು ಮುಚ್ಚಿಕೊಳ್ಳುತ್ತದೆ, ಊರಿದ ಹೆಜ್ಜೆಗೆಲ್ಲ ಬಿಚ್ಚಿಕೊಳ್ಳುತ್ತದೆ, ಹೊರಗೆ ಎಂಥ ಬಿರುಗಾಳಿ ಬೀಸಿದರೂ ನಮ್ಮ ಗೂಡಿನ ಕೋಲಿನ ಮೇಲೆ ಕೋಳಿ ಕಾಲು ಮಡಿಸಿ ಕೂತು ತೂಗುತ್ತ ತೂಗುತ್ತ ನಿದ್ದೆ ಮಾಡುತ್ತದೆ, ಬೀಳುವುದಿಲ್ಲ.